ಸೊನ್ನೆಗೆ ಒಂದು ಉದಾಹರಣೆ

ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ, ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಒಂದು ಸರ್ಕಾರಿ ಕಚೇರಿಯಲ್ಲಿ ಸಾಹೇಬರ ಕೋಣೆಯ ಬಾಗಿಲಿಗೆ ಸ್ಟೂಲ್ ಹಾಕಿಕೊಂಡು ಕೂಡುವ ಜವಾನ. ಬಂದವರ ಚೀಟಿ ಒಳಗೆ ಒಯ್ಯುವುದು, ಗಂಟೆ ಬಾರಿಸಿದರೆ ಚಹಾ ತರುವುದು, ಉಳಿದ ಹೊತ್ತು ಬಾಗಿಲಲ್ಲಿ ನಿಂತವರ ಮುಖ ನೋಡುವುದು ಅವನ ಕೆಲಸ. ಹೀಗೆ ನೋಡಿ ನೋಡಿ, ಓದಿದವರ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಂಬಿಬಿಟ್ಟಿದ್ದ.

ನಾನು ಇಂಟರ್ ಮುಗಿಸಿ ಬಿ.ಎಸ್ಸಿ.ಗೆ ಅರ್ಜಿ ಹಾಕುತ್ತೇನೆ ಎಂದ ದಿನ ಅವನು ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

"ದಿನಾ ಡಿಗ್ರಿಯವರ್ನ ಬಾಗಲದಾಗ ನಿಂದರಸ್ತೀನಿ. ಅವರ ಮಾರೀನ ಬ್ಯಾರೆ ಇರ್ತೈತಿ. ನಿಂದು ಹಂಗಿಲ್ಲ," ಅಂದ.

"ನಂದು ಹೆಂಗೈತಿ ಮಾಮಾ?"

"ಮೆಣಸಿನಕಾಯಿ ತೊಟ್ಟು ಬಿಡಸೋರ ಮಾರಿ."

ಸುಳ್ಳು ಹೇಳಲಿಲ್ಲ ಅವನು. ಹೈದರಾಬಾದಿನ ಬೇಗಂ ಬಜಾರಿನ ಒಣಮೆಣಸಿನಕಾಯಿ ಗೋದಾಮಿನಲ್ಲಿ ಅಪ್ಪ ಹಮಾಲಿ ಮಾಡುತ್ತಿದ್ದ, ಅವ್ವ ಹೆಂಗಸರ ಸಾಲಿನಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನೂ ಅವಳ ಪಕ್ಕದಲ್ಲಿ ಕೂಡುತ್ತಿದ್ದೆ. ಆ ಸಾಲಿನಲ್ಲಿ ವರ್ಷಗಟ್ಟಲೆ ಕೂತವರ ರೆಪ್ಪೆಗಳು ಊದಿಕೊಂಡಿರುತ್ತವೆ, ಮೂಗಿನ ತುದಿ ಕೆಂಪಗಿರುತ್ತದೆ, ಅಳದೇ ಇದ್ದರೂ ಅತ್ತವರ ಹಾಗೆ ಕಾಣುತ್ತಾರೆ. ಕಾಲೇಜಿನಲ್ಲಿ ನನ್ನ ಬೆಂಚಿನಲ್ಲಿ ಕೂತ ಹುಡುಗಿಯರು ಮೊದಲ ವಾರ ಸೀನಿದರು. ಎರಡನೇ ವಾರ ಬೇರೆ ಬೆಂಚಿಗೆ ಹೋದರು. ನನಗೆ ಒಂದಿಡೀ ಬೆಂಚು ಸಿಕ್ಕಿತು. ಪುಸ್ತಕ ಹರಡಿಕೊಳ್ಳಲು ಅನುಕೂಲವಾಯಿತು.

ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದೆ. ನಮ್ಮ ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಹತ್ತನೆಯ ತರಗತಿ ದಾಟಿದವರು ಅದುವರೆಗೆ ಇರಲಿಲ್ಲ. ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಮಾವ ಮಾತ್ರ ಸೋಲಲಿಲ್ಲ, ಮಾತು ಬದಲಿಸಿದ.

"ಡಿಗ್ರಿ ಯಾರಾರ ತಗೋತಾರ. ಟೀಚರ್ ಆಗೋದು ಆಗದ ಮಾತು. ಅದಕ್ಕ ಬಿ.ಎಡ್. ಬೇಕು. ಬಿ.ಎಡ್. ಪಾಸ್ ಮಾಡಸೋರು ನಮ್ಮಂಥೋರಲ್ಲ."

ಇದರಲ್ಲಿ ಅವನಿಗೆ ಸ್ವಲ್ಪ ತಿಳಿದಿತ್ತು ಎಂದು ಆಮೇಲೆ ಗೊತ್ತಾಯಿತು.

ಬಿ.ಎಡ್. ಕಾಲೇಜು ಮೆಹದಿಪಟ್ಟಣಂ ದಾಟಿ ಆಚೆ ಇತ್ತು. ಅಲ್ಲಿ ಬಸ್ಸು ಬದಲಿಸಬೇಕಾಗುತ್ತಿತ್ತು. ನಮ್ಮ ಬ್ಯಾಚಿನಲ್ಲಿ ಎಲ್ಲರೂ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಪಾಠ ಮಾಡುವವರು. ಕನ್ನಡದಲ್ಲಿ ಮಾಡುವವಳು ನಾನೊಬ್ಬಳೇ. ಗಣಿತದ ಮೆಥಡ್ ಹೇಳಿಕೊಡುತ್ತಿದ್ದ ತೆಲುಗು ಮಾಸ್ತರು ನನ್ನ ಪಾಠಗಳನ್ನು ನೋಡಲು ಬರುತ್ತಿದ್ದರು. ಒಂದು ಮಾತೂ ತಿಳಿಯದೆ ಕೊನೆಯಲ್ಲಿ "ಬಾಗುಂದಿ, ಬಾಗುಂದಿ" ಎಂದು ಮೆಚ್ಚಿ ಹೋಗುತ್ತಿದ್ದರು. ಆದರೆ ವರ್ಷದ ಕೊನೆಗೆ ಫೈನಲ್ ಲೆಸನ್ ಇರುತ್ತದೆ. ಅದನ್ನು ನೋಡಲು ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಆ ಒಂದು ಪಾಠದಲ್ಲಿ ಫೇಲಾದರೆ ಬರೆಯುವ ಪರೀಕ್ಷೆಗಳೆಲ್ಲ ಪಾಸಾಗಿದ್ದರೂ ಸರ್ಟಿಫಿಕೇಟ್ ಇಲ್ಲ, ಮುಂದಿನ ವರ್ಷ ಮತ್ತೆ ಬರಬೇಕು. ಸರ್ಟಿಫಿಕೇಟ್ ಇಲ್ಲದಿದ್ದರೆ ನನಗೆ ಗೋದಾಮು. ಇಷ್ಟೇ ಲೆಕ್ಕ.

ನಾನು ಪಾಠ ಮಾಡಬೇಕಾದದ್ದು ನಮ್ಮ ಗಲ್ಲಿಯ ಹಿಂದಿನ ಕನ್ನಡ ಶಾಲೆಯಲ್ಲಿ. ಒಂದರಿಂದ ಏಳರವರೆಗೆ ತರಗತಿಗಳು. ನಡೆಸುತ್ತಿದ್ದವರು ಕಮಿಟಿಯವರು, ಅಂದರೆ ನಿಜಾಮರ ಕಾಲದಿಂದ ಸರ್ಕಾರಿ ಹುದ್ದೆಯಲ್ಲಿದ್ದ ಮನೆತನದವರು. ಅವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ಹೈದರಾಬಾದಿನಲ್ಲಿ ಕನ್ನಡ ಉಳಿಯಬೇಕು ಎಂದು ನಮ್ಮ ಮಕ್ಕಳನ್ನು ಅಲ್ಲಿ ಕೂಡಿಸುತ್ತಿದ್ದರು. ಮಕ್ಕಳೋ, ಮನೆಯಲ್ಲಿ ಗುಲ್ಬರ್ಗಾ ಕಡೆಯ ಕನ್ನಡ, ಬೀದಿಯಲ್ಲಿ ತೆಲುಗು, ಗೋದಾಮಿನಲ್ಲಿ ಉರ್ದು ಮಾತಾಡುವವರು. ಪುಸ್ತಕದ ಕನ್ನಡ ಅವರಿಗೆ ಕಮಿಟಿಯವರ ಹಾಗೆಯೇ, ವರ್ಷಕ್ಕೊಮ್ಮೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ಹೋಗುವಂಥದ್ದು.

ನನಗೆ ಆರನೆಯ ತರಗತಿ ಕೊಟ್ಟರು. ಮೊದಲು ಸರಾಸರಿ ಹೇಳಿಕೊಡಬೇಕಿತ್ತು. ಸರಾಸರಿ ಅಂದರೆ ಏನು ಎಂದು ಕೇಳಿದೆ. ಒಬ್ಬ ಹುಡುಗ ಎದ್ದು, "ಪೂರಾ ಅಂತ ರೀ. ಸರಾಸರ್ ಝೂಟ್ ಅಂತಾರಲ್ರಿ, ಪೂರಾ ಸುಳ್ಳು," ಅಂದ.

ನಗುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡು, ನಿಮ್ಮ ನಿಮ್ಮ ಮನೆಗೆ ನಳದಿಂದ ಎಷ್ಟು ಕೊಡ ನೀರು ಬರುತ್ತದೆ, ಎಣಿಸಿಕೊಂಡು ಬನ್ನಿ ಎಂದೆ. ಮರುದಿನ ಎಲ್ಲರೂ ಹೇಳಿದರು: ನಾಲ್ಕು, ಐದು, ಮೂರು, ನಾಲ್ಕು. ಕೊನೆಗೆ ಅದೇ ಹುಡುಗ ಶಾಲೆಯ ಮೇಲಿನ ಮಹಡಿಯಲ್ಲಿದ್ದ ಕಮಿಟಿ ಕಾರ್ಯದರ್ಶಿಗಳ ಮನೆಯದ್ದನ್ನೂ ಸೇರಿಸಿದ. ಅವರ ಟ್ಯಾಂಕನ್ನು ಕೊಡದ ಲೆಕ್ಕಕ್ಕೆ ತಂದರೆ ಇಡೀ ತರಗತಿಯ ಮನೆಗಳಿಗಿಂತ ಹೆಚ್ಚಾಯಿತು. ಕೂಡಿಸಿ ಭಾಗಿಸಿದಾಗ ಪ್ರತಿ ಮನೆಗೆ ಹತ್ತು ಕೊಡ ಬಂತು.

"ಅಂದ್ರ ನಮ್ಮ ಮನ್ಯಾಗೂ ಹತ್ತು ಕೊಡ ಅದಾವೇನ್ರಿ ಟೀಚರ್?" ಎಂದು ಆ ಹುಡುಗ ಕೇಳಿದ.

"ಇಲ್ಲ."

"ನಾ ಹೇಳಲಿಲ್ರಿ, ಸರಾಸರ್ ಝೂಟ್ ಅಂತ."

ಅವತ್ತು ನಕ್ಕೆ. ಮಧ್ಯಾಂಕ ಯಾಕೆ ಬೇಕು, ಬಹುಲಕ ಯಾಕೆ ಬೇಕು ಎನ್ನುವುದನ್ನು ಆ ಕೊಡಗಳಿಂದಲೇ ಹೇಳಿಕೊಟ್ಟೆ. ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ಮನೆ ಯಾವುದು, ಎಲ್ಲಕ್ಕಿಂತ ಹೆಚ್ಚು ಸಲ ಬರುವ ಸಂಖ್ಯೆ ಯಾವುದು, ಮಕ್ಕಳೇ ಹುಡುಕಿದರು. ಕಾರ್ಯದರ್ಶಿಗಳಿಗೆ ಸುದ್ದಿ ಹೋಯಿತು. ಅವರ ಮನೆಯ ನೀರು ಎಣಿಸುವುದು ಗಣಿತವಲ್ಲ ಎಂದು ಹೆಡ್‌ಮಾಸ್ತರರ ಕೈಯಲ್ಲಿ ಹೇಳಿಕಳಿಸಿದರು.

ಪುಸ್ತಕದ ಕೊನೆಯ ಪಾಠ ಸಂಭವನೀಯತೆ. ಫೈನಲ್ ಲೆಸನ್‌ಗೆ ಮೆಥಡ್ ಮಾಸ್ತರು ಪಾಠ ಹಂಚುವಾಗ ಭಿನ್ನರಾಶಿ, ತ್ರಿಕೋನ, ಬಡ್ಡಿ ಎಲ್ಲವನ್ನೂ ಬೇರೆಯವರು ಹಿಡಿದುಕೊಂಡರು. ನನಗೆ ಉಳಿದದ್ದು ಇದು. ನನಗೆ ಸಂತೋಷವೇ ಆಯಿತು, ಇದು ನಾನು ಡಿಗ್ರಿಯಲ್ಲಿ ಓದಿದ ವಿಷಯ. ಅವ್ವ ಬಜಾರಿನಿಂದ ಹುಣಸೆಬೀಜ ತಂದುಕೊಟ್ಟಳು. ಅರ್ಧದಷ್ಟನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದೆ. ಬಟ್ಟೆಯ ಚೀಲದಲ್ಲಿ ಕರಿ ಬೀಜ ಮೂರು, ಬಿಳಿ ಬೀಜ ಒಂದು ಹಾಕಿ, ಕಣ್ಣು ಮುಚ್ಚಿ ತೆಗೆಯಿರಿ ಎಂದು ಮಕ್ಕಳಿಗೆ ಅಭ್ಯಾಸ ಮಾಡಿಸತೊಡಗಿದೆ. ಮಕ್ಕಳು ತೆಗೆದರು, ಬೀಜ ನೆಲಕ್ಕೆ ತಿಕ್ಕಿ ಬಿಸಿ ಮಾಡಿ ಪಕ್ಕದವರ ತೋಳಿಗೆ ಒತ್ತಿ ಸುಟ್ಟರು, ಎಲ್ಲ ಮಾಡಿದರು. ಸಂಭವನೀಯತೆ ಎಂಬ ಶಬ್ದ ಮಾತ್ರ ಅವರ ತಲೆಯೊಳಗೆ ಇಳಿಯಲಿಲ್ಲ. ಬಾಯಿಗೇ ಬರುತ್ತಿರಲಿಲ್ಲ.

ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕೂಡುತ್ತಿದ್ದಳು. ಅವಳ ತಾಯಿ ಗೋದಾಮಿನಲ್ಲಿ ನನ್ನ ಅವ್ವನ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುವವಳು. ಶಾಲೆ ಬಿಟ್ಟ ಮೇಲೆ ಇವಳೂ ಅಲ್ಲಿಗೇ ಹೋಗುತ್ತಿದ್ದಳು. ಬೆರಳು ಉರಿಯುತ್ತವೆ ಎಂದು ಪೆನ್ನನ್ನು ತುದಿಯಲ್ಲಿ ಹಿಡಿದು ಬರೆಯುತ್ತಿದ್ದಳು. ಅಕ್ಷರ ಕೆಟ್ಟದಾಗಿದ್ದರೂ ತಲೆ ಚೂಪಾಗಿತ್ತು. ಅವಳು ಎದ್ದು ಕೇಳಿದಳು:

"ಟೀಚರ್, ಟಿವಿಯಾಗ ತೆಲುಗು ವಾರ್ತೆಯವರು 'ವರ್ಷಂ ಪಡೇ ಅವಕಾಶಂ ಉಂದಿ' ಅಂತಾರಲ್ರಿ, ಅದಾ ಏನ್ರಿ ಇದು?"

ಅದೇ. ತೆಲುಗಿನಲ್ಲಿ ಅವಕಾಶಂ ಎಂದರೆ ಆಗಬಹುದಾದದ್ದು. ಮಳೆ ಬರುವ ಅವಕಾಶ, ಬಸ್ಸು ಸಿಗುವ ಅವಕಾಶ, ಬಿಳಿ ಬೀಜ ಬರುವ ಅವಕಾಶ. ಅವಳು ಹಾಗೆ ಅಂದದ್ದೇ ತಡ, ತರಗತಿಯೆಲ್ಲ ಎದ್ದು ಕೂತಿತು. ಕರಿ ಬೀಜದ ಅವಕಾಶ ನಾಲ್ಕರಲ್ಲಿ ಮೂರು, ಬಿಳಿಯದು ನಾಲ್ಕರಲ್ಲಿ ಒಂದು. ಎಲ್ಲ ಕರಿಯೇ ಇದ್ದರೆ ಬಿಳಿಯ ಅವಕಾಶ ಸೊನ್ನೆ. ನಾನು ಹೇಳಿಕೊಡುವ ಮೊದಲೇ ಅವರು ಹೇಳತೊಡಗಿದರು. ನಾನೂ ಅದೇ ಶಬ್ದ ಹಿಡಿದುಕೊಂಡೆ.

ಪರೀಕ್ಷಕರಾಗಿ ಬಂದವರು ನಿವೃತ್ತ ಇನ್‌ಸ್ಪೆಕ್ಟರು. ಕನ್ನಡ ಶಾಲೆಗಳನ್ನು ತಪಾಸಣೆ ಮಾಡಿದವರು, ಕಮಿಟಿಯವರ ನೆಂಟರು. ಹೈದರಾಬಾದಿನಲ್ಲಿ ಕನ್ನಡದ ಗಣಿತ ಪಾಠಕ್ಕೆ ಅಂಕ ಕೊಡಬಲ್ಲವರು ಅವರೊಬ್ಬರೇ ಎಂದು ಕಾಲೇಜಿನವರು ಹುಡುಕಿ ತಂದಿದ್ದರು. ಬಿಳಿ ಅಂಗಿ, ಜೇಬಿಗೆ ಎರಡು ಪೆನ್ನು. ಹಿಂದಿನ ಬೆಂಚನ್ನು ಕರವಸ್ತ್ರದಿಂದ ಒರೆಸಿ, ಒರೆಸಿದ ಕರವಸ್ತ್ರವನ್ನು ನೋಡಿ, ಅದನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟು ಕೂತರು.

ಪಾಠ ಚೆನ್ನಾಗಿಯೇ ಹೋಗುತ್ತಿತ್ತು. ಚೀಲದಲ್ಲಿ ಕರಿ ಬೀಜಗಳನ್ನಷ್ಟೇ ಹಾಕಿ ತೋರಿಸಿ, "ಈಗ ಬಿಳಿ ಬೀಜ ಬರುತ್ತದೆಯೇ?" ಎಂದು ಕೇಳಿದೆ. ಆ ಹುಡುಗಿ ಎದ್ದಳು.

"ಅವಕಾಶನ ಇಲ್ರಿ ಟೀಚರ್."

"ನಿಲ್ಲಿಸಿ," ಎಂದರು ಹಿಂದಿನಿಂದ. ಅವಳ ಕಡೆ ಬೆರಳು ತೋರಿಸಿದರು. "ಯಾರು ಕೊಡಲಿಲ್ಲ?"

"ಏನ್ರಿ ಸರ್?"

"ಅವಕಾಶ ಇಲ್ಲ ಎಂದೆಯಲ್ಲ. ನಿನ್ನ ಬೀಜಕ್ಕೆ ಅವಕಾಶ ಯಾರು ಕೊಡಲಿಲ್ಲ? ಹೆಡ್‌ಮಾಸ್ತರೋ?"

ಹೆಡ್‌ಮಾಸ್ತರು ನಕ್ಕರು. ಅವರು ನಗಲೇಬೇಕಿತ್ತು. ಹೆಡ್‌ಮಾಸ್ತರು ನಕ್ಕದ್ದನ್ನು ನೋಡಿ ಮಕ್ಕಳೆಲ್ಲ ನಕ್ಕರು. ಹುಡುಗಿ ಕೂತು, ಕೈಯಿಂದ ಕಣ್ಣೊರೆಸಿಕೊಂಡಳು. ಹಿಂದಿನ ದಿನದ ಖಾರ ಬೆರಳಲ್ಲಿತ್ತು. ಕಣ್ಣು ಉರಿದು ನೀರು ದಳದಳ ಸುರಿಯಿತು.

"ಇಷ್ಟಕ್ಕೇ ಅಳುವುದೇ? ಇದು ಪಾಠವೋ ತವರುಮನೆಯೋ?" ಎಂದು ಕೇಳಿ ಅವರು ನನ್ನ ಕಡೆ ತಿರುಗಿದರು. "ಅವಕಾಶ ಎನ್ನುವುದು ಕೊಡುವಂಥದ್ದು. ಸಂಭವ ಎನ್ನುವುದು ಆಗುವಂಥದ್ದು. ಕನ್ನಡದಲ್ಲಿ ಈ ಎರಡು ಬೇರೆ. 'ಒಳಗೆ ಬರಲು ಅವಕಾಶವಿಲ್ಲ' ಎಂದು ಬಾಗಿಲ ಮೇಲೆ ಬರೆದಿರುತ್ತಾರೆ. ಹಾಗೆಂದರೆ ಒಳಗೆ ಹೋಗುವ ಸಂಭವನೀಯತೆ ಸೊನ್ನೆ ಎಂದು ಅರ್ಥವೇ?"

ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ.

"ಅದು ಆ ಬೋರ್ಡ್ ಓದೋರು ಯಾರು ಅನ್ನೋದರ ಮ್ಯಾಲ ಐತ್ರಿ ಸರ್. ನಿಮಗಾದ್ರ ಒಂದು, ನಮಗಾದ್ರ ಸೊನ್ನೆ," ಅಂದೆ.

ಅವರು ಪೆನ್ನು ತೆಗೆದರು. ಏನು ಬರೆದರು ಎಂದು ಹೆಡ್‌ಮಾಸ್ತರು ಆಮೇಲೆ ಹೇಳಿದರು: ಭಾಷೆ ಅಶುದ್ಧ, ಪರಿಕಲ್ಪನೆ ಅಸ್ಪಷ್ಟ, ನಡತೆ ಉದ್ಧಟ. ಪಾಠ ಅರ್ಧದಲ್ಲೇ ಇತ್ತು. ಗಂಟೆ ಹೊಡೆಯುವಷ್ಟರಲ್ಲಿ ನಾನು ಅದನ್ನು ಮುಗಿಸಿದೆ. ಅವರು ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಫೇಲಾದ ಸುದ್ದಿ ಬಂದ ಸಂಜೆ ಮಾವ ಬಂದ. ಯಾರು ಹೇಳಿದ್ದರೋ ಗೊತ್ತಿಲ್ಲ. ಹೊಸ್ತಿಲ ಮೇಲೆ ಕೂತು ಅವ್ವ ಕೊಟ್ಟ ಚಹಾ ಪೂರಾ ಕುಡಿದ. ಕಪ್ಪು ಕೆಳಗಿಟ್ಟು, "ಗೋದಾಮು ಇನ್ನೂ ತೆರದ ಐತಿ," ಎಂದಷ್ಟೇ ಹೇಳಿ ಎದ್ದು ಹೋದ.

ಒಂದು ವರ್ಷ ಕಾಯಬೇಕಿತ್ತು. ಆ ವರ್ಷ ಹೆಡ್‌ಮಾಸ್ತರು ನನ್ನನ್ನು ಅದೇ ಶಾಲೆಯಲ್ಲಿ ತಾತ್ಕಾಲಿಕ ಎಂದು ಇಟ್ಟುಕೊಂಡರು. ಕನಿಕರದಿಂದಲ್ಲ, ಆ ಸಂಬಳಕ್ಕೆ ಬೇರೆಯವರು ಬರುತ್ತಿರಲಿಲ್ಲ. ಸರ್ಟಿಫಿಕೇಟ್ ತಂದರೆ ಮುಂದೆ ನೋಡೋಣ, ಇಲ್ಲದಿದ್ದರೆ ಜೂನ್‌ನಿಂದ ಬರಬೇಡಿ ಎಂದರು. ಅದೇ ಮಕ್ಕಳು ಏಳನೆಯ ತರಗತಿಗೆ ಬಂದಿದ್ದರು, ಅದೇ ಕೊನೆಯ ಪಾಠ ಇನ್ನಷ್ಟು ದಪ್ಪವಾಗಿ ಅವರ ಪುಸ್ತಕದಲ್ಲೂ ಇತ್ತು. ಪರೀಕ್ಷಕರೂ ಅವರೇ ಬರುವವರಿದ್ದರು, ಬೇರೆಯವರು ಇರಲಿಲ್ಲವಲ್ಲ. ಮೆಥಡ್ ಮಾಸ್ತರು ನನ್ನನ್ನು ಬದಿಗೆ ಕರೆದು ತೆಲುಗಿನಲ್ಲಿ ಹೇಳಿದರು: "ನೋಡಮ್ಮಾ, ಅವರಿಗೆ ಪುಸ್ತಕದ ಮಾತು ಬೇಕು. ಪುಸ್ತಕದ ಮಾತೇ ಕೊಡು. ಮಕ್ಕಳಿಗೆ ತಿಳಿಸುವುದನ್ನು ನೌಕರಿ ಸಿಕ್ಕ ಮೇಲೆ ಮಾಡುವೆಯಂತೆ."

ಹಾಗೇ ಮಾಡಿದೆ. ಅವಕಾಶ ಎಂಬ ಶಬ್ದ ತರಗತಿಯಲ್ಲಿ ಯಾರ ಬಾಯಿಂದಲೂ ಬರಕೂಡದು ಎಂದೆ. ಬಂದರೆ ಗಂಟೆ ಹೊಡೆಯುವವರೆಗೆ ನಿಂತಿರಬೇಕು. ದಿನವೂ ಹತ್ತು ಮಂದಿ ನಿಲ್ಲುತ್ತಿದ್ದರು. ಸಂಭವನೀಯತೆ, ಸಂಭವನೀಯತೆ ಎಂದು ಮಗ್ಗಿಯ ಹಾಗೆ ಹೇಳಿಸಿದೆ. "ಖಚಿತವಾಗಿ ಸಂಭವಿಸುವ ಘಟನೆಯ ಸಂಭವನೀಯತೆ ಒಂದು. ಎಂದಿಗೂ ಸಂಭವಿಸದ ಘಟನೆಯ ಸಂಭವನೀಯತೆ ಸೊನ್ನೆ." ಬೀದಿಯಲ್ಲಿ ಹೋಗುವವರು ಭಜನೆ ಎಂದುಕೊಳ್ಳಬೇಕು, ಹಾಗೆ. ನಿಂತು ನಿಂತು ಕಾಲು ನೋಯಿಸಿಕೊಂಡ ಮಕ್ಕಳು ಆ ಶಬ್ದವನ್ನು ಎಲ್ಲ ಕಡೆಯಿಂದಲೂ ಕಿತ್ತುಹಾಕಿದರು.

"ಟೀಚರ್, ಒಂದಕ್ಕ ಹೋಗಾಕ ಸಂಭವನೀಯತಿ ಕೊಡ್ರಿ," ಎಂದು ಒಬ್ಬ ಕೈ ಎತ್ತುತ್ತಿದ್ದ.

"ಈಗ ಕೊಟ್ಟೀನಲ್ಲೋ?"

"ಅದು ಅವಂಗ ಕೊಟ್ಟಿದ್ರಿ. ನನಗ ಸಂಭವನೀಯತಿನ ಸಿಕ್ಕಿಲ್ರಿ," ಎಂದು ಇನ್ನೊಬ್ಬ.

ತಮಾಷೆಗೋ ಹೆದರಿಕೆಗೋ, ಅವರಿಗೇ ತಿಳಿದಿರಲಿಲ್ಲ. ಕಾರ್ಯದರ್ಶಿಗಳ ಮುಂದೆಯೂ ಒಬ್ಬ ಹುಡುಗಿ, "ವಾರ್ಷಿಕೋತ್ಸವದಾಗ ಹಾಡಾಕ ಸಂಭವನೀಯತಿ ಕೊಡ್ರಿ ಸರ್," ಎಂದು ಕೇಳಿದಳಂತೆ. ಮಕ್ಕಳ ಭಾಷೆ ಸುಧಾರಿಸಿದೆ ಎಂದು ಅವರು ಹೆಡ್‌ಮಾಸ್ತರರಿಗೆ ಹೇಳಿದರಂತೆ.

ಎರಡನೆಯ ಸಾಲಿನ ಹುಡುಗಿ ಒಂದು ಸಲವೂ ನಿಲ್ಲಲಿಲ್ಲ. ಒಂದೇ ದಿನಕ್ಕೆ ಕಲಿತುಬಿಟ್ಟಳು. ಆದರೆ ಮೊದಲಿನ ಹಾಗೆ ಎದ್ದು ಪ್ರಶ್ನೆ ಕೇಳುವುದನ್ನೂ ಬಿಟ್ಟಳು. ಕೇಳಿದ್ದಕ್ಕೆ ಮಾತ್ರ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡುತ್ತಿದ್ದಳು.

ಎರಡನೆಯ ಫೈನಲ್ ಲೆಸನ್‌ಗೆ ಹೆಡ್‌ಮಾಸ್ತರು ಬೆಂಚನ್ನು ಮೊದಲೇ ತೊಳೆಸಿಟ್ಟಿದ್ದರು. ಪರೀಕ್ಷಕರು ಕೂತರು. ನಾನು ಹುಣಸೆಬೀಜ ಒಯ್ಯಲಿಲ್ಲ, ಪುಸ್ತಕದಲ್ಲಿದ್ದ ಹಾಗೆ ನಾಣ್ಯ ಮತ್ತು ದಾಳದ ಚಾರ್ಟ್ ತೂಗುಹಾಕಿದೆ. ಪುಸ್ತಕದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಅಚ್ಚ ಕನ್ನಡದಲ್ಲಿ ಉತ್ತರಿಸಿದರು. ಅವರಿಗೆ ಏನೂ ತಿಳಿದಿಲ್ಲ ಎಂದು ನನಗೆ ತಿಳಿದಿತ್ತು. ನಾಣ್ಯ ಎಸೆದರೆ ಏನಾಗುತ್ತದೆ ಎಂಬುದು ಆ ತರಗತಿಯಲ್ಲಿ ಹೋದ ವರ್ಷಕ್ಕಿಂತ ಈ ವರ್ಷ ಕಡಿಮೆ ಜನಕ್ಕೆ ಗೊತ್ತಿತ್ತು.

ಪರೀಕ್ಷಕರು ತಲೆಯಾಡಿಸುತ್ತಿದ್ದರು. ಮುಗಿಯುವ ಹೊತ್ತಿಗೆ, "ನಾನೂ ಒಂದು ಪ್ರಶ್ನೆ ಕೇಳಬಹುದೇ?" ಎಂದು ನನ್ನನ್ನು ಕೇಳಿದರು. ಬಹಳ ಮರ್ಯಾದೆಯಿಂದ ಕೇಳಿದರು. ಹೋದ ವರ್ಷ ಅಳಿಸಿದ್ದ ಹುಡುಗಿಯ ಕಡೆಗೇ ಬೆರಳು ತೋರಿಸಿದರು. ಅವಳ ನೆನಪು ಅವರಿಗೆ ಇತ್ತೋ ಇಲ್ಲವೋ, ಹೇಳಲಾರೆ.

"ಸಂಭವನೀಯತೆ ಸೊನ್ನೆ ಇರುವ ಘಟನೆಗೆ ಒಂದು ಉದಾಹರಣೆ ಕೊಡು. ಪುಸ್ತಕದಲ್ಲಿ ಇಲ್ಲದ್ದು ಕೊಡಬೇಕು."

ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ. ಅವಳು ಎದ್ದು ನಿಂತು ಮೊದಲು ನನ್ನ ಕಡೆ ನೋಡಿದಳು. ನಾನು ಚಾರ್ಟಿನ ಕಡೆ ನೋಡಿದೆ. ಅವಳ ಬಾಯಲ್ಲಿ ಈಗ ಒಂದು ತಪ್ಪು ಶಬ್ದ ಬಂದರೆ ನನ್ನ ಇನ್ನೊಂದು ವರ್ಷ ಹೋಗುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ನಾನು ಎಂಟನೆಯ ತರಗತಿ ಓದುವ ಸಂಭವನೀಯತೆ ಸೊನ್ನೆ, ಸರ್," ಅಂದಳು. ಒಂದಕ್ಷರ ತಪ್ಪಲಿಲ್ಲ.

ಪರೀಕ್ಷಕರು ಸ್ವಲ್ಪ ಮುಂದೆ ಬಾಗಿದರು. "ಯಾಕೆ?"

"ಪರೀಕ್ಷಿ ಮುಗದ ಮ್ಯಾಲ ಗೋದಾಮಿಗೆ ಹಚ್ಚತಾರ್ರಿ. ಎಂಟನೇತ್ತ ಈ ಸಾಲ್ಯಾಗ ಇಲ್ರಿ. ದೂರ ಕಳಸಾಂಗಿಲ್ಲಂತ್ರಿ. ನಮ್ಮಪ್ಪ ಮಾತು ಕೊಟ್ಟಾನ್ರಿ ಗೋದಾಮಿನ ಸೇಠಗ."

"ಅದು ಖಚಿತವೇ? ಬದಲಾಗಬಹುದೇ?"

"ಇಲ್ರಿ."

"ಯೋಚಿಸಿ ಹೇಳು. ಸ್ವಲ್ಪವಾದರೂ ಬದಲಾಗಬಹುದು ಎಂದಾದರೆ ಸೊನ್ನೆ ಎನ್ನಬಾರದು."

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹಣೆ ಗಂಟು ಹಾಕಿಕೊಂಡು, ಲೆಕ್ಕ ಮಾಡುವಾಗ ಮಾಡುವ ಹಾಗೆ. "ಇಲ್ರಿ ಸರ್. ಸೊನ್ನೆನ."

"ಹಾಗಾದರೆ ಸರಿಯಾದ ಉತ್ತರ," ಎಂದರು. "ಬಹಳ ಸರಿಯಾದ ಉತ್ತರ. ಎಲ್ಲರೂ ಹೇಳಿ."

ಅವರಿಗೆ ಸರಿ ಉತ್ತರವನ್ನು ಇಡೀ ತರಗತಿಯಿಂದ ಹೇಳಿಸುವ ಅಭ್ಯಾಸವಿತ್ತು, ಹಳೆಯ ಇನ್‌ಸ್ಪೆಕ್ಟರುಗಳೆಲ್ಲ ಹಾಗೇ. ಮಕ್ಕಳು ಒಂದು ವರ್ಷದಿಂದ ಕಲಿತಿದ್ದ ಧಾಟಿಯಲ್ಲಿ, ಅವಳ ಹೆಸರು ಹಿಡಿದು, ಅವಳು ಎಂಟನೆಯ ತರಗತಿ ಓದುವ ಸಂಭವನೀಯತೆ ಸೊನ್ನೆ ಎಂದು ಒಟ್ಟಿಗೆ ಹೇಳಿದರು. ಅವಳೂ ಅವರ ಜೊತೆ ಹೇಳಿದಳು. "ಟೀಚರ್, ಹಲಗೆಯ ಮೇಲೆ ಬರೆಯಿರಿ," ಎಂದರು ಪರೀಕ್ಷಕರು. ಬರೆದೆ. ನನ್ನ ಅಕ್ಷರ ದುಂಡಗೆ ಬಂದವು. ಕೆಳಗೆ ದೊಡ್ಡದಾಗಿ ಸೊನ್ನೆ ಬರೆದು ಅದರ ಸುತ್ತ ಚೌಕ ಹಾಕಿದೆ. ಉತ್ತರಕ್ಕೆ ಚೌಕ ಹಾಕಬೇಕು ಎಂದು ಮೆಥಡ್‌ನಲ್ಲಿ ಹೇಳಿಕೊಟ್ಟಿದ್ದರು.

ಹೋಗುವಾಗ ಅವರು ನನ್ನ ಹತ್ತಿರ ಬಂದು, "ಈಗ ನೋಡಿ, ಮಗು ತನ್ನ ಜೀವನದಿಂದಲೇ ಉದಾಹರಣೆ ಕೊಟ್ಟಿತು. ಇದೇ ಬೋಧನೆ," ಎಂದರು. ಆ ವರ್ಷ ನಮ್ಮ ಕಾಲೇಜಿನಲ್ಲಿ ಗಣಿತದ ಫೈನಲ್ ಲೆಸನ್‌ಗೆ ನನಗಿಂತ ಹೆಚ್ಚು ಅಂಕ ಯಾರಿಗೂ ಬರಲಿಲ್ಲ.

ಅಂಕ ತಿಳಿದ ಸಂಜೆ ಗೋದಾಮಿಗೆ ಹೋದೆ. ಪಾಸಾದೆ ಎಂದು ಅವ್ವನಿಗೆ ಹೇಳುವುದಿತ್ತು. ಹುಡುಗಿಯ ತಾಯಿಯ ಹತ್ತಿರ ಮಾತಾಡುವುದೂ ಇತ್ತು. ಎಂಟನೆಯ ತರಗತಿ ಇರುವ ಕನ್ನಡ ಶಾಲೆ ದೂರವಾದರೂ ಬಸ್ಸಿದೆ, ನಾನೇ ಸೇರಿಸಿಕೊಡುತ್ತೇನೆ ಎಂದು ಹೇಳಬೇಕು ಎಂದುಕೊಂಡಿದ್ದೆ. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ರಾಶಿಯ ಸುತ್ತ ಕೂತಿದ್ದರು. ಹುಡುಗಿ ಆಗಲೇ ಬಂದು ತಾಯಿಯ ಮಗ್ಗುಲಲ್ಲಿ ಕೂತಿದ್ದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ತಾಯಿ ಕೈ ನಿಲ್ಲಿಸದೆ ಕೇಳಿದಳು. ಆಮೇಲೆ ಮುಖದ ಮೇಲಿನ ಸೆರಗು ಸರಿಸಿದಳು.

"ನೀವ ಬರದೀರಂತಲ್ರಿ ಹಲಗಿ ಮ್ಯಾಲ, ಸೊನ್ನಿ ಅಂತ."

"ಅದು ಲೆಕ್ಕದ ಪಾಠಾ ರೀ ಅಕ್ಕಾ. ಉದಾಹರಣೆ ಅದು."

"ಸರಕಾರದ ದೊಡ್ಡ ಸಾಹೇಬರು ಬಂದು ಸರಿ ಐತಿ ಅಂದ್ರಂತ. ಎಲ್ಲಾ ಹುಡುಗರೂ ಕೂಡಿ ಹೇಳ್ಯಾರಂತ. ಈಕಿನೂ ಹೇಳ್ಯಾಳ." ಮಗಳ ಕಡೆ ಗದ್ದದಿಂದ ತೋರಿಸಿದಳು. "ಇದರಪ್ಪಗ ಹೇಳಿದೆ. ಅವನಿಗೂ ಒಂದು ಸ್ವಲ್ಪ ಮನಸು ಹಿಂದ ಮುಂದ ಆಗಿತ್ತು ನೋಡ್ರಿ, ಇನ್ನೊಂದು ವರ್ಷ ಓದಲಿ ಅಂತ. ಸಾಲ್ಯಾಗಿನವರ ಸೊನ್ನಿ ಅಂದ ಮ್ಯಾಲ ಮುಗೀತಲ್ಲ ಅಂದ. ನೀವು ಓದಿದವರು, ತಿಳೀದ ಬರದೀರೇನು?"

ಹುಡುಗಿ ತಲೆ ಎತ್ತಲಿಲ್ಲ. ತೊಟ್ಟು ಮುರಿದು ಬಲಕ್ಕೆ, ಕಾಯಿ ಎಡಕ್ಕೆ ಹಾಕುತ್ತಿದ್ದಳು, ಚುರುಕಾಗಿ. ನನ್ನ ಅವ್ವ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ಕೆಮ್ಮು ಬಂತು. ಒಂದು ವರ್ಷ ಗೋದಾಮಿನಲ್ಲಿ ಕೂಡದಿದ್ದರೆ ಅಭ್ಯಾಸ ತಪ್ಪುತ್ತದೆ. ಕೆಮ್ಮುತ್ತಲೇ ಹೊರಗೆ ಬಂದೆ.

ಅವಳ ಅಪ್ಪನ ಹತ್ತಿರವೂ ಹೋದೆ. ಅವನು ಕುರ್ಚಿ ಹಾಕಿ ಕೂಡಿಸಿ, ಸೋಡಾ ತರಿಸಿ ಕೊಟ್ಟು, ನಾನು ಹೇಳಿದ್ದಕ್ಕೆಲ್ಲ "ಹೌದ್ರಿ ಟೀಚರ್, ಹೌದ್ರಿ," ಎಂದ. ಮಗಳನ್ನು ಕಳಿಸಲಿಲ್ಲ. ಇದನ್ನು ಓದುವವರು ನಾನು ಇಲ್ಲಿ ಕಣ್ಣೀರು ಹಾಕುತ್ತೇನೆ ಎಂದು ಕಾಯುವುದು ಬೇಡ. ಆ ವರ್ಷ ನನಗೆ ಬೇಕಾದದ್ದು ಪಾಸು. ಬೇರೆ ಏನಾದರೂ ಬರೆದಿದ್ದರೆ ನಾನೂ ಆ ಸಾಲಿನಲ್ಲೇ ಅವಳ ಪಕ್ಕದಲ್ಲಿ ಕೂಡುತ್ತಿದ್ದೆ, ಅದರಿಂದ ಅವಳಿಗೇನೂ ಬರುತ್ತಿರಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯಿತು. ಏಳನೆಯ ತರಗತಿಗೆ ಹೊಸ ಮಕ್ಕಳು ಬಂದರು. ಅವರಿಗೆ ಸಂಭವನೀಯತೆಯನ್ನು ನಾನು ಹುಣಸೆಬೀಜದಿಂದಲೇ ಹೇಳಿಕೊಟ್ಟೆ, ಅವಕಾಶ ಎಂದೇ ಹೇಳಿಕೊಟ್ಟೆ. ಬೆಂಚು ಒರೆಸಿ ಕೂಡುವವರು ಆಗ ಯಾರೂ ಇರಲಿಲ್ಲ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಕಾರ್ಡು ಬಂತು. ಅವ್ವ ತಾನೂ ಬರುತ್ತೇನೆ ಎಂದಳು. ಗೋದಾಮಿಗೆ ಒಂದು ದಿನವೂ ತಪ್ಪಿಸದವಳು ಅವತ್ತು ರಜೆ ಹಾಕಿ, ತಲೆಗೆ ನೀರು ಹಾಕಿಕೊಂಡು, ಮದುವೆಗಳಿಗೆ ಉಡುವ ಸೀರೆ ಉಟ್ಟಳು. ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸುವಾಗ ಜನ ನೂಕಿದರು, ಅವಳ ಸೆರಗು ಬಾಗಿಲಿಗೆ ಸಿಕ್ಕಿ ಸ್ವಲ್ಪ ಹರಿಯಿತು. "ಇರಲಿ ಬಿಡು," ಅಂದಳು.

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ ಕಿಟಕಿಯ ಆಚೆಯಿಂದ ನನ್ನ ಮುಖ ನೋಡಿದ, ಫೋಟೋ ನೋಡಿದ, ಮತ್ತೆ ಮುಖ ನೋಡಿದ. ಸಹಿ ಮಾಡಿಸಿಕೊಂಡು ಸರ್ಟಿಫಿಕೇಟನ್ನು ಕಿಟಕಿಯಿಂದ ಹೊರಗೆ ಚಾಚಿದ. ನಾನು ತೆಗೆದುಕೊಂಡು ಅವ್ವನ ಕೈಗೆ ಕೊಟ್ಟೆ. ಅವಳು ಮೊದಲು ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು, ಆಮೇಲೆ ಅಂಚಿನಲ್ಲಿ ಹಿಡಿದಳು. ಇಂಗ್ಲಿಷ್ ಅಕ್ಷರಗಳ ಮೇಲೆ ಮುದ್ರೆಯ ಗುಂಡು ಇತ್ತು. ಅದನ್ನು ಬಹಳ ಹೊತ್ತು ನೋಡಿದಳು.

"ಇದು ಬಂದ್ರ ನೀ ಪಕ್ಕಾ ಟೀಚರ್ ಏನು?" ಎಂದು ಕೇಳಿದಳು.

"ಪಕ್ಕಾ ಬೇ ಯವ್ವಾ."

ಅವ್ವ ಅದನ್ನು ನನ್ನ ಕೈಗೆ ತಿರುಗಿ ಕೊಟ್ಟಳು.

"ಹಂಗಾರ ಇನ್ನ ನೀನೂ ಮಂದೀನ ಫೇಲ್ ಮಾಡಬಹುದು," ಅಂದಳು.